ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಸಂಶೋಧನೆಗೆ ತಯಾರಿ ಹೇಗೆ?

ಘನವಸ್ತುಗಳು ಬಲಕ್ಕೆ ಸಿಕ್ಕಾಗ ಹೇಗೆ ರೂಪಗೆಡುತ್ತವೆ, ಯಾವ ಹಂತದಲ್ಲಿ ಬಿರುಕು ಬಿಟ್ಟು ಮುರಿಯುತ್ತವೆ ಎಂಬುದನ್ನು ಅಧ್ಯಯನ ಮಾಡುವವರು ಮೆಕ್ಯಾನಿಕಲ್, ಸಿವಿಲ್, ಏರೋಸ್ಪೇಸ್, ಮೆಟಲರ್ಜಿ ಹೀಗೆ ಹಲವು ವಿಭಾಗಗಳಿಂದ ಬರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಕೆಲಸ ಒಂದೇ ವಿಭಾಗಕ್ಕೆ ಸೀಮಿತವಾಗಿಲ್ಲ. ಆದ್ದರಿಂದ ಪಿಎಚ್‌ಡಿಗೆ ಅರ್ಜಿ ಹಾಕುವ ಮುನ್ನ ವಿಭಾಗದ ಹೆಸರಿಗಿಂತ ಅಲ್ಲಿನ ಪ್ರಾಧ್ಯಾಪಕರ ಇತ್ತೀಚಿನ ಪ್ರಬಂಧಗಳನ್ನು ನೋಡಬೇಕು. ಗೇಟ್ (ಎಂಜಿನಿಯರಿಂಗ್ ಉನ್ನತ ವ್ಯಾಸಂಗದ ಅರ್ಹತಾ ಪರೀಕ್ಷೆ) ಅಂಕದಿಂದ ಸಂದರ್ಶನದ ಕರೆ ಬರಬಹುದು, ಅಷ್ಟೇ. ಸಂದರ್ಶನದಲ್ಲಿ, ಎಳೆತಕ್ಕೊಳಗಾದ ಅಗಲವಾದ ತಗಡಿನ ದುಂಡು ರಂಧ್ರದ ಅಂಚಿನಲ್ಲಿ ಸ್ಟ್ರೆಸ್ (ಒಂದು ಚದರ ಅಳತೆಯ ಮೇಲೆ ಬೀಳುವ ಬಲ) ಏಕೆ ಮೂರು ಪಟ್ಟಾಗುತ್ತದೆ ಎಂಬಂಥ ಮೂಲಭೂತ ಪ್ರಶ್ನೆಗಳಿಗೆ ಬೋರ್ಡಿನ ಮುಂದೆ ನಿಂತು ಉತ್ತರಿಸುವ ತಯಾರಿ ಇರಬೇಕು.

ಓದನ್ನು ವಿಷಯ ಬೆಳೆದುಬಂದ ಕ್ರಮದಲ್ಲೇ ನಡೆಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. 1913ರಲ್ಲಿ ಎಂಜಿನಿಯರ್ ಇಂಗ್ಲಿಸ್ ಮಾಡಿದ ಲೆಕ್ಕದ ಪ್ರಕಾರ, ಅಂಡಾಕಾರದ ರಂಧ್ರದ ತುದಿ ಚೂಪಾದಷ್ಟೂ ಅಲ್ಲಿನ ಸ್ಟ್ರೆಸ್ ಮಿತಿಯಿಲ್ಲದೆ ಏರುತ್ತದೆ. ಹಾಗಿದ್ದರೆ ಬಿರುಕಿರುವ ಯಾವ ವಸ್ತುವೂ ಭಾರ ಹೊರಬಾರದಿತ್ತು. ಗಾಜಿನ ಮೇಲೆ ಪ್ರಯೋಗ ನಡೆಸಿದ ಎಂಜಿನಿಯರ್ ಗ್ರಿಫಿತ್, ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈಗಳ ರಚನೆಗೆ ಸಾಕಾಗುತ್ತದೆಯೇ ಎಂದು ಕೇಳುವ ಮೂಲಕ 1921ರ ಪ್ರಬಂಧದಲ್ಲಿ ಈ ತೊಡಕನ್ನು ಬಿಡಿಸಿದರು. ಬಿರುಕಿನ ತುದಿಯ ಸ್ಟ್ರೆಸ್ಸಿನ ತೀವ್ರತೆಯನ್ನು ಒಂದೇ ಅಂಕಿಯಲ್ಲಿ ಹಿಡಿದಿಟ್ಟ ಇರ್ವಿನ್ (1957) ಮತ್ತು ಶಕ್ತಿಯ ಲೆಕ್ಕವನ್ನು ತುದಿಯಲ್ಲಿ ಶಾಶ್ವತವಾಗಿ ರೂಪಗೆಡುವ ಲೋಹಗಳಿಗೂ ವಿಸ್ತರಿಸಿದ ರೈಸ್ (1968) ಅವರ ಪ್ರಬಂಧಗಳನ್ನು ಆಮೇಲೆ ಓದಿದರೆ ಅವುಗಳ ಅಗತ್ಯವೇ ಸ್ಪಷ್ಟವಾಗುತ್ತದೆ.

ಕಂಪ್ಯೂಟರಿನಲ್ಲಿ ಫೈನೈಟ್ ಎಲಿಮೆಂಟ್ (ವಸ್ತುವನ್ನು ಸಣ್ಣ ತುಣುಕುಗಳಾಗಿ ವಿಭಜಿಸಿ ಲೆಕ್ಕ ಹಾಕುವ ವಿಧಾನ) ಕೆಲಸವನ್ನಷ್ಟೇ ಮಾಡಬಯಸುವವರೂ ಒಂದು ಪರೀಕ್ಷೆಯನ್ನಾದರೂ ಸ್ವತಃ ನಡೆಸಲೇಬೇಕು. ಫ್ರ್ಯಾಕ್ಚರ್ ಟಫ್‌ನೆಸ್ ಅಳೆಯುವ ಎಎಸ್‌ಟಿಎಂ ಇ399 ಮಾನದಂಡದಂತೆ, ಫ್ರ್ಯಾಕ್ಚರ್ ಟಫ್‌ನೆಸ್ಸನ್ನು (ಬಿರುಕು ಬೆಳೆಯದಂತೆ ತಡೆಯುವ ಸಾಮರ್ಥ್ಯ) ಯೀಲ್ಡ್ ಸ್ಟ್ರೆಂತ್‌ನಿಂದ (ವಸ್ತು ಶಾಶ್ವತವಾಗಿ ರೂಪಗೆಡತೊಡಗುವ ಸ್ಟ್ರೆಸ್) ಭಾಗಿಸಿ, ವರ್ಗ ಮಾಡಿ, 2.5ರಿಂದ ಗುಣಿಸಿದಾಗ ಬರುವ ಉದ್ದಕ್ಕಿಂತ ಬಿರುಕಿನ ಮುಂದೆ ಉಳಿದ ಭಾಗ ಕಡಿಮೆಯಿರಬಾರದು. ಯೀಲ್ಡ್ ಸ್ಟ್ರೆಂತ್ 500 ಮೆಗಾಪಾಸ್ಕಲ್ ಎಂದುಕೊಳ್ಳೋಣ. ಟಫ್‌ನೆಸ್ 25 ಮೆಗಾಪಾಸ್ಕಲ್ ರೂಟ್ ಮೀಟರ್ ಇರುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಸುಮಾರು 6 ಮಿಲಿಮೀಟರ್ ಸಾಕು. 150 ಇರುವ ಉಕ್ಕಿಗೆ 225 ಮಿಲಿಮೀಟರ್ ಬೇಕಾಗುತ್ತದೆ. ಅಂಥ ದೈತ್ಯ ಮಾದರಿಯನ್ನು ಮುರಿಯಬಲ್ಲ ಯಂತ್ರ ಎಲ್ಲ ಪ್ರಯೋಗಾಲಯಗಳಲ್ಲೂ ಇರುವುದಿಲ್ಲ. ಟಫ್‌ನೆಸ್ ಹೆಚ್ಚಿರುವ ಉಕ್ಕುಗಳ ಪರೀಕ್ಷೆಯಲ್ಲಿ, ಚಿಕ್ಕ ಮಾದರಿಯಿಂದಲೇ ಅಳತೆ ಸಾಧ್ಯವಾಗಿಸುವ ರೈಸ್ ಅವರ ಜೆ-ಇಂಟೆಗ್ರಲ್ (ಬಿರುಕಿನ ತುದಿಗೆ ಹರಿಯುವ ಶಕ್ತಿಯ ಲೆಕ್ಕ) ನೆರವಿಗೆ ಬರುವುದು ಇಲ್ಲಿಯೇ. ಮುರಿದ ಮೇಲ್ಮೈಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡದೆ ಪ್ರಬಂಧ ಬರೆಯಲು ಕೂರಬೇಡಿ.

ಪಿಎಚ್‌ಡಿಯ ನಂತರ ಸಾಮಾನ್ಯವಾಗಿ ಪೋಸ್ಟ್‌ಡಾಕ್, ಆಮೇಲೆ ಬೋಧಕ ಹುದ್ದೆ. ಅರ್ಜಿಯ ಸಂಶೋಧನಾ ಯೋಜನೆಯಲ್ಲಿ ಗೈಡ್ ಅವರ ಕೆಲಸವನ್ನೇ ಮುಂದುವರಿಸದೆ ನಿಮ್ಮದೇ ಪ್ರಶ್ನೆಯನ್ನು ಮುಂದಿಡಿ. ಮಾದರಿಗಳನ್ನು ಎಳೆದು ಮುರಿಯುವ ಸರ್ವೋ-ಹೈಡ್ರಾಲಿಕ್ ಯಂತ್ರ ಬೇಕೆಂದು ಕೇಳುವುದಾದರೆ ಮೊದಲ ವರ್ಷ ಅದಿಲ್ಲದೆ ಏನು ಮಾಡುವಿರೆಂಬುದನ್ನೂ ಬರೆಯಿರಿ, ಏಕೆಂದರೆ ಟೆಂಡರು, ಖರೀದಿ, ಅಳವಡಿಕೆಗಳಲ್ಲೇ ಹಲವು ತಿಂಗಳು ಕಳೆದುಹೋಗುತ್ತವೆ.