ತಗೊಂಡ 6ನೇ ದಿನ ಸೆಕೆಂಡ್ ಹ್ಯಾಂಡ್ ಕಾರು ವಾಪಸ್ ಕೊಟ್ಟೆ: ನನ್ನ ಅನುಭವ

ಹಳೇ ಗಾಡಿ ಮನೆಗೆ ತಂದ ಮಾರನೇ ದಿನದಿಂದ ಒಂದೊಂದು ಸೌಂಡೂ ಕಿವಿಗೆ ಬೀಳತ್ತೆ ನೋಡಿ, ಟೆಸ್ಟ್ ಡ್ರೈವ್ ದಿನ ಆ ಕಿವಿ ಎಲ್ಲಿತ್ತೋ ಗೊತ್ತಿಲ್ಲ. ನಾನು ತಗೊಂಡಿದ್ದು ಪೆಟ್ರೋಲ್ ಹ್ಯಾಚ್‌ಬ್ಯಾಕು, ಡೀಲರ್ ಹತ್ರ. 7 ದಿನ ಅಥವಾ 300 ಕಿಲೋಮೀಟರ್, ಯಾವ್ದು ಮೊದಲು ಆಗತ್ತೋ ಅಷ್ಟರೊಳಗೆ ವಾಪಸ್ ಕೊಡಬಹುದು ಅಂತ ಅಗ್ರಿಮೆಂಟಲ್ಲೇ ಬರೆದಿತ್ತು. ಸೈನ್ ಹಾಕೋವಾಗ ನಾನು ಆ ಸಾಲನ್ನ ಸರಿಯಾಗಿ ಓದಿರ್ಲೂ ಇಲ್ಲ, ಮನೆಯವಳು ಓದಿದ್ಲು, ಅದೇ ಕೊನೆಗೆ ಕೈ ಹಿಡೀತು.

ಮೊದಲ ಎರಡು ದಿನ ನಾನು ತಲೆ ಕೆಡಿಸ್ಕೊಂಡಿದ್ದೆಲ್ಲ ಸುಮ್ನೆ. ಟೈರ್ ಸೈಡಲ್ಲಿ 2217 ಅಂತ ಇತ್ತು, ಅಂದ್ರೆ 2017ರ 22ನೇ ವಾರ ತಯಾರಾಗಿದ್ದು, ರಬ್ಬರಲ್ಲಿ ಸಣ್ಣ ಸಣ್ಣ ಬಿರುಕು. ಬ್ರೇಕ್ ಪ್ಯಾಡ್ ಸವೆದಿತ್ತು, ಎಸಿ ತಣ್ಣಗಾಗೋಕೆ ಟೈಮ್ ತಗೋತಿತ್ತು. ಮೋಸ ಹೋದೆ, ಇವತ್ತೇ ವಾಪಸ್ ಕೊಟ್ಟುಬಿಡ್ತೀನಿ ಅಂತ ಕೂಗಾಡಿದೆ. "ಟೈರ್ ಹಳೇದಾಯ್ತು ಅಂತ ಯಾರಾದ್ರೂ ಕಾರ್ ವಾಪಸ್ ಕೊಡ್ತಾರೇನ್ರೀ, ತಗೊಳ್ಳೋ ದಿನ ಕಣ್ಣು ಬಿಟ್ಟು ನೋಡ್ಬೇಕಿತ್ತು" ಅಂದ್ಲು ಮನೆಯವಳು. ಮಾತು ಸರಿನೇ ಇತ್ತು, ಅವು ಚೌಕಾಸಿ ಮಾಡೋವಾಗ ಎತ್ತಬೇಕಾಗಿದ್ದ ಮಾತು.

ಆಮೇಲೆ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆದೆ. ಎಡಗಡೆ, ಖರ್ಚು ಎಲ್ಲಿಗೆ ನಿಲ್ಲತ್ತೆ ಅಂತ ಫೋನಲ್ಲೇ ಕೇಳಿ ತಿಳ್ಕೊಳ್ಳಬಹುದಾದ ರಿಪೇರಿಗಳು. ಬಲಗಡೆ, ಎಲ್ಲಿಗೆ ನಿಲ್ಲತ್ತೆ ಅಂತ ಯಾರೂ ಹೇಳಕ್ಕಾಗದೇ ಇರೋವು. ಟೈರು, ಪ್ಯಾಡು, ಎಸಿ ಎಲ್ಲಾ ಎಡಕ್ಕೆ ಹೋಯ್ತು, ಬಲಗಡೆ ಖಾಲಿ. ಸರಿ ಇಟ್ಕೊಳ್ಳೋಣ ಅಂತ ಖುಷಿಯಲ್ಲಿ ಸೀಟ್ ಕವರ್ ಬೇರೆ ಹಾಕಿಸ್ಕೊಂಡು ಬಂದೆ.

ಮೂರನೇ ದಿನ ಬೆಳಗ್ಗೆ ಬಾನೆಟ್ ತೆಗೆದು ನೋಡಿದ್ರೆ ಎಂಜಿನ್ ತಣ್ಣಗಿಡೋ ನೀರು, ಅಂದ್ರೆ ಕೂಲೆಂಟ್, ಇಳಿದಿತ್ತು. ಮೊದಲ ದಿನವೇ ಎಂಜಿನ್ ತಣ್ಣಗಿದ್ದಾಗ ಟ್ಯಾಂಕ್ ಮೇಲೆ ಮಾರ್ಕರಲ್ಲಿ ಗೆರೆ ಹಾಕಿಟ್ಟಿದ್ದೆ (ಎಲ್ರೂ ಮಾಡಿ ಇದನ್ನ, ಒಂದು ಪೈಸೆ ಖರ್ಚಿಲ್ಲ), ಅದರಿಂದ ಒಂದು ಬೆರಳು ಕೆಳಗೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವೆ ಇರೋ ಸೀಲು) ಹೋಗಿದೆ ಅಂತಲೇ ಅನ್ಕೊಂಡೆ, ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಗೊತ್ತಿರೋ ಮೆಕ್ಯಾನಿಕ್ ಹತ್ರ ಓಡಿದೆ, ಡೀಲರ್‌ಗೆ ಸಂಬಂಧವೇ ಇಲ್ಲದ ಮನುಷ್ಯ. ಅವನು ರೇಡಿಯೇಟರ್ ಬಾಯಿಗೆ ಒಂದು ಟ್ಯೂಬ್ ಇಟ್ಟ, ಅದರಲ್ಲಿ ನೀಲಿ ಬಣ್ಣದ ನೀರು. ಎಂಜಿನ್ನಿನ ಸುಟ್ಟ ಗ್ಯಾಸ್ ಕೂಲೆಂಟಿಗೆ ಸೇರ್ತಿದ್ರೆ ಆ ನೀಲಿ ಹಳದಿಗೆ ತಿರುಗತ್ತಂತೆ. ತಿರುಗಲಿಲ್ಲ. ಆಮೇಲೆ ಪಂಪಲ್ಲಿ ಪ್ರೆಷರ್ ಕೊಟ್ಟು ಬಿಟ್ಟ, ಹತ್ತು ನಿಮಿಷಕ್ಕೆ ವಾಟರ್ ಪಂಪ್ ಹತ್ರ ಹನಿ ಕಾಣಿಸ್ತು. ಈ ಎಂಜಿನ್ನಲ್ಲಿ ವಾಟರ್ ಪಂಪ್ ತಿರುಗಿಸೋದೂ ಟೈಮಿಂಗ್ ಬೆಲ್ಟೇ, ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಆಯ್ತು, ಇಷ್ಟಾಗತ್ತೆ ಅಂತ ಬಾಯಲ್ಲೇ ರೇಟ್ ಹೇಳಿದ. ಅಂದ್ರೆ ಅದೂ ಎಡಗಡೆಗೇ.

ಹೊರಡೋಕೆ ಮುಂಚೆ ಹೇಗೂ ಬಂದಿದೀರಲ್ಲ ಅಂತ ಸ್ಕ್ಯಾನರ್ ಹಾಕಿದ. ತೊಂದರೆ ಇದೆ ಅಂತ ತೋರಿಸೋ ಕೋಡ್ ಏನೂ ಇಲ್ಲ, ಕ್ಲೀನ್. ನಾನು ಎದ್ದೇಬಿಟ್ಟೆ, ಅವನು ಮಾತ್ರ ಸ್ಕ್ರೀನ್ ಬಿಡಲಿಲ್ಲ. "ಸಾರ್, ರೆಡಿನೆಸ್ ನೋಡಿ, ಕ್ಯಾಟಲಿಸ್ಟ್ ಇನ್‌ಕಂಪ್ಲೀಟ್, ಆಕ್ಸಿಜನ್ ಸೆನ್ಸರ್ ಇನ್‌ಕಂಪ್ಲೀಟ್." ಗಾಡಿ ಕಂಪ್ಯೂಟರು ಓಡ್ತಾ ಓಡ್ತಾ ತನ್ನನ್ನ ತಾನೇ ಟೆಸ್ಟ್ ಮಾಡ್ಕೊಳತ್ತೆ, ಆ ಟೆಸ್ಟ್ ಮುಗಿದಿದೆಯಾ ಇಲ್ವಾ ಅನ್ನೋದೇ ರೆಡಿನೆಸ್. ಯಾರಾದ್ರೂ ಕೋಡ್ ಅಳಿಸಿದ್ರೆ ಆ ಟೆಸ್ಟೆಲ್ಲ ಮತ್ತೆ ಮೊದಲಿಂದ ಶುರು. ಬ್ಯಾಟರಿ ತೆಗೆದು ಹಾಕಿದ್ರೂ ಹಂಗೆ ಆಗಬಹುದು. ಡೀಲರಿಗೆ ಫೋನ್ ಮಾಡಿದ್ರೆ ಅದೇ ಹೇಳಿದ್ರು, ನಿಂತು ನಿಂತು ಬ್ಯಾಟರಿ ಡೌನ್ ಆಗಿತ್ತು, ಬಿಚ್ಚಿ ಚಾರ್ಜ್ ಹಾಕಿದ್ವಿ ಅಂತ. ನಿಜ ಇದ್ದರೂ ಇರಬಹುದು, ಸುಳ್ಳು ಅನ್ನೋಕೆ ನನ್ನ ಹತ್ರ ಏನಿತ್ತು.

ಟೆಸ್ಟ್ ಮುಗೀಬೇಕು ಅಂದ್ರೆ ಗಾಡಿ ಓಡಿಸಬೇಕು, ಓಡಿಸಿದ್ರೆ 300 ಮುಗಿಯತ್ತೆ. ಅಷ್ಟೊತ್ತಿಗೆ 170 ಆಗಿತ್ತು. ಆಫೀಸಿಗೆ ತಗೊಂಡು ಹೋಗೋದು ನಿಲ್ಲಿಸಿದೆ, ಉಳಿದ ಕಿಲೋಮೀಟರ್ ಪೂರ್ತಿ ಇದಕ್ಕೇ ಅಂತ ಎತ್ತಿಟ್ಟೆ. ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ ಆಯಿಲ್ ಲೆವೆಲ್ ಫೋಟೋ ತಗೊಂಡೆ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಹೈವೇಗೆ ಹೋಗಿ ಒಂದೇ ಸ್ಪೀಡಲ್ಲಿ ಇಪ್ಪತ್ತು ನಿಮಿಷ, ಆಮೇಲೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ನಿಧಾನ ಆಗಕ್ಕೆ ಬಿಡೋದು, ಮತ್ತೆ ಅದೇ. ಫ್ರೆಂಡ್ ಒಬ್ಬ ಹಿಂದೆ ಬೈಕಲ್ಲಿ ಬರ್ತಿದ್ದ. ಒಂದು ಉದ್ದ ಇಳಿಜಾರು ಮುಗಿದು ನಾನು ಮತ್ತೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಅವನು ಹಾರ್ನ್ ಹೊಡೆದ. "ಲೋ, ಬುಸ್ ಅಂತ ನೀಲಿ ಹೊಗೆ ಬಂತು ಕಣೋ, ಒಂದು ಸೆಕೆಂಡು ಅಷ್ಟೆ" ಅಂದ. ಒಳಗೆ ಕೂತ ನನಗೆ ಅದು ಈ ಜನ್ಮದಲ್ಲಿ ಕಾಣ್ತಿರಲಿಲ್ಲ. ನೀಲಿ ಅಂದ್ರೆ ಆಯಿಲ್ ಸುಡ್ತಿದೆ ಅಂತ.

ಸಾಯಂಕಾಲ ಸ್ಕ್ಯಾನ್ ಮಾಡಿದ್ರೆ ಪಿ0420 ಅನ್ನೋ ಕೋಡ್ ಪೆಂಡಿಂಗ್, ಅಂದ್ರೆ ಒಂದು ಸಲ ಕಂಡಿದೆ, ಇನ್ನೂ ಖಚಿತ ಆಗಿಲ್ಲ. ಮಾರನೇ ಬೆಳಗ್ಗೆ ಇನ್ನೊಂದು ರೌಂಡ್ ಹೋದಾಗ ಚೆಕ್ ಎಂಜಿನ್ ಲ್ಯಾಂಪೇ ಹತ್ಕೊಳ್ತು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಆ ಕೋಡು. ಅದೊಂದೇ ಬಂದಿದ್ರೆ ಸೈಲೆನ್ಸರ್ ಪೈಪಲ್ಲಿ ಲೀಕೋ, ಕನ್ವರ್ಟರ್ ಹಿಂದಿರೋ ಆಕ್ಸಿಜನ್ ಸೆನ್ಸರೋ ಇರಬಹುದು ಅನ್ಕೋತಿದ್ದೆ. ಆದ್ರೆ ಡಿಪ್‌ಸ್ಟಿಕ್ಕಲ್ಲಿ ಆಯಿಲ್ಲೂ ಕಣ್ಣಿಗೆ ಕಾಣೋ ಅಷ್ಟು ಇಳಿದಿತ್ತು, ನೂರು ಕಿಲೋಮೀಟರೂ ಆಗಿರಲಿಲ್ಲ. "ಹೊಸ ಕನ್ವರ್ಟರ್ ಹಾಕಬಹುದು ಸಾರ್, ಎಂಜಿನ್ ಆಯಿಲ್ ಕುಡೀತಿದ್ರೆ ಅದನ್ನೂ ತಿಂದಾಕತ್ತೆ." ಅಂದ ಮೆಕ್ಯಾನಿಕ್. ಆಯಿಲ್ ಹೋಗ್ತಿರೋದು ವಾಲ್ವ್ ಸೀಲಿಂದಾನಾ, ಪಿಸ್ಟನ್ ರಿಂಗಿಂದಾನಾ ಅಂತ ಕೇಳಿದೆ. ಎಷ್ಟಾಗತ್ತೆ ಅಂತಾನೂ ಕೇಳಿದೆ. "ಬಿಚ್ಚದೆ ಹೇಳಕ್ಕಾಗಲ್ಲ" ಅಂದ. ಹಾಳೆಯ ಬಲಗಡೆ ಬರೆದ ಮೊದಲನೇ ಸಾಲು ಅದು.

ಒಂದು ಮಾತು ಒಪ್ಕೊತೀನಿ, ಆ ರಾತ್ರಿ ನನಗೂ ಕೋಡ್ ಅಳಿಸಿ ಆರು ತಿಂಗಳು ಓಡಿಸಿ ಯಾರಿಗಾದ್ರೂ ಮಾರಿಬಿಡೋಣ ಅಂತ ಅನ್ಸಿತ್ತು. ನನಗಿಂತ ಮುಂಚೆ ಯಾರೋ ಇದೇ ಲೆಕ್ಕ ಹಾಕಿರಬೇಕು ಅನ್ನೋದು ಹೊಳೆದಾಗ ನಾಚಿಕೆ ಆಯ್ತು.

ಡೀಲರಿಗೆ ಫೋನ್ ಮಾಡೋ ಬದಲು ಮೊದಲು ಮೇಲ್ ಹಾಕಿದೆ, ಓಡೋಮೀಟರ್ ಫೋಟೋ, ಸ್ಕ್ಯಾನ್ ಫೋಟೋ, ಡಿಪ್‌ಸ್ಟಿಕ್‌ದು ಎರಡು ಫೋಟೋ ಸಮೇತ. ವಾಟರ್ ಪಂಪ್ ಬದಲಾಯಿಸದೇ ಇದ್ದಿದ್ದು ಒಳ್ಳೇದಾಯ್ತು, ನಾನು ಸ್ಪ್ಯಾನರ್ ಮುಟ್ಟಿದ್ರೆ ನೀವೇ ಹಾಳು ಮಾಡಿದ್ದು ಅಂತಿದ್ರು. ಕನ್ವರ್ಟರ್ ಫ್ರೀ ಹಾಕ್ಸಿಕೊಡ್ತೀವಿ ಇಟ್ಕೊಳ್ಳಿ ಅಂದ್ರು. ಅರ್ಧ ಗಂಟೆ ಮನಸ್ಸು ಆಡಿತು, ಸುಳ್ಳು ಹೇಳಲ್ಲ. ಆದ್ರೆ ಅವರು ಸರಿ ಮಾಡ್ತೀವಿ ಅಂದಿದ್ದು ಹೊಗೆ ಕೊಳವೇನ, ಕಾಯಿಲೆ ಇದ್ದಿದ್ದು ಎಂಜಿನ್ನಲ್ಲಿ. ಆರನೇ ದಿನ, 271 ಕಿಲೋಮೀಟರಿಗೆ ಕೀ ವಾಪಸ್ ಕೊಟ್ಟು ರಸೀದಿ ಬರೆಸ್ಕೊಂಡೆ. ಏನೋ ಪ್ರೊಸೆಸಿಂಗ್ ಅಂತ ಸ್ವಲ್ಪ ಹಿಡ್ಕೊಂಡು ಉಳಿದಿದ್ದು ಎರಡು ವಾರಕ್ಕೆ ಬಂತು.

ಸೀಟ್ ಕವರ್ ಮಾತ್ರ ಅಲ್ಲೇ ನಿಂತು ಬಿಚ್ಕೊಂಡು ಬಂದೆ, ಸೇಲ್ಸ್ ಹುಡುಗ ನಗ್ತಿದ್ದ. ಈಗ ಇರೋ ಗಾಡಿಗೆ ಹಿಂದಿನ ಸೀಟಿಂದು ಹೊಂದಲ್ಲ, ಮುಂದಿನ ಎರಡನ್ನ ಹೆಂಗೋ ಎಳೆದು ಹಾಕಿದೀನಿ.