‘ಇಂಟರ್ವ್ಯೂ ಅಲ್ಲ, ಸುಮ್ನೆ ಬನ್ನಿ’ ಅಂದಾಗ ನಾನು ಮಾಡಿಕೊಂಡ ತಯಾರಿ

ಎಂಬಿಬಿಎಸ್ ಮುಗಿಸಿ ಎಂಡಿ ಬಿಟ್ಟು ಪಿಎಚ್‌ಡಿಗೆ ಹೋಗುತ್ತೇನೆ ಅಂದರೆ ನಮ್ಮ ಸಿದ್ದಾಪುರದ ಕಡೆ ಎಲ್ಲರೂ ಮೊದಲು ಕೇಳುವುದು ಒಂದೇ: “ಹಾಗಾದ್ರೆ ನೀನು ಡಾಕ್ಟರ್ ಆಗೋದಿಲ್ವಾ?” ಕಾರವಾರದಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಎಂಬಿಬಿಎಸ್ ಆದವರನ್ನು ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುತ್ತದೆ ಎಂದು ಗೊತ್ತಾಗಿ ಮೇಲ್ ಹಾಕಿದ್ದೆ. ಅಡ್ಮಿಷನ್ ನೋಡಿಕೊಳ್ಳುವ ಮೇಡಂ ಉತ್ತರ ಬರೆದರು. ಅರ್ಜಿ ಕರೆಯಲು ಇನ್ನೂ ಸಮಯ ಇದೆ, ಈ ಕಡೆ ಬಂದಾಗ ಭೇಟಿಯಾಗಿ, ಇಂಟರ್ವ್ಯೂ ಅಲ್ಲ, ಸುಮ್ನೆ ಮಾತಾಡೋಣ ಎಂದು.

ಇಂಟರ್ವ್ಯೂ ಆಗಿದ್ದರೆ ಏನು ಓದಬೇಕು ಎಂದು ಸೀನಿಯರ್‌ಗಳನ್ನು ಕೇಳಬಹುದಿತ್ತು. ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಎಂಡಿ-ಪಿಎಚ್‌ಡಿ ಕೋರ್ಸಿನವು. ಅಲ್ಲಿನ ಎಂಡಿ ನಮ್ಮ ಎಂಬಿಬಿಎಸ್ ಇದ್ದಂತೆ, ವೈದ್ಯ ಪದವಿ, ಸಂಶೋಧನೆ ಎರಡೂ ಒಟ್ಟಿಗೆ ನಡೆಯುತ್ತವೆ, ಏಳೆಂಟು ವರ್ಷ ಹಿಡಿಯುತ್ತದೆ. 1964ರಿಂದ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದಕ್ಕೆ ಹಣ ಕೊಡುತ್ತಿದೆ. ಆದರೆ ಆ ಹಣ ಸಿಗುವುದು ಅಲ್ಲಿನ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಅವರ ಚಿಂತೆಗಳೇ ಬೇರೆ, ನಮ್ಮವೇ ಬೇರೆ. ಆ ಸಲಹೆಗಳನ್ನು ಬದಿಗಿಟ್ಟೆ.

ಮೊದಲು ಯೋಚಿಸಿದ್ದು, ಎದುರಿಗೆ ಕೂರುವವರು ಯಾರು ಎಂದು. ಸೀಟು ಕೊಡುವುದು ವಿಜ್ಞಾನಿಗಳ ಸಮಿತಿ, ಅಡ್ಮಿಷನ್ ಆಫೀಸಿನವರಲ್ಲ. ಆದರೆ ಯಾರ ಅರ್ಜಿ ಯಾವ ಕಾಗದ ಇಲ್ಲದೆ ಬಿದ್ದುಹೋಯಿತು, ಸೇರಿದ ಡಾಕ್ಟರುಗಳಲ್ಲಿ ಯಾರು ಅರ್ಧಕ್ಕೆ ಬಿಟ್ಟರು, ಫೆಲೋಶಿಪ್ ತಡವಾದರೆ ಯಾರನ್ನು ಕೇಳಬೇಕು, ಇದೆಲ್ಲ ಗೊತ್ತಿರುವುದು ಅವರಿಗೇ. ಅಂದಮೇಲೆ ನನ್ನ ಬುದ್ಧಿವಂತಿಕೆ ತೋರಿಸಲು ಅಲ್ಲಿಗೆ ಹೋಗಿ ಉಪಯೋಗ ಇಲ್ಲ. ಅವರಿಗೆ ಮಾತ್ರ ಗೊತ್ತಿರುವುದನ್ನು ಕೇಳಿ ತಿಳಿದುಕೊಂಡು ಬರಬೇಕು. ನನ್ನ ಇಡೀ ತಯಾರಿ ನಿಂತದ್ದು ಇದರ ಮೇಲೆ.

ಒಂದು ನೋಟ್‌ಬುಕ್ಕಿನಲ್ಲಿ ತಲೆಗೆ ಬಂದ ಪ್ರಶ್ನೆಗಳನ್ನೆಲ್ಲ ಬರೆದೆ. ಆಮೇಲೆ ಸಂಸ್ಥೆಯ ವೆಬ್‌ಸೈಟ್, ಹಳೆಯ ಪ್ರಕಟಣೆಗಳನ್ನು ಓದುತ್ತಾ ಉತ್ತರ ಸಿಕ್ಕಿದ್ದನ್ನು ಹೊಡೆದುಹಾಕುತ್ತಾ ಹೋದೆ. ತಿಂಗಳಿಗೆ ಎಷ್ಟು ಕೊಡುತ್ತಾರೆ? ಹೊಡೆದೆ. ಪಿಎಚ್‌ಡಿ ಮಾಡುವವರಿಗೆ ಮೊದಲು ಸಿಗುವ ಕೇಂದ್ರದ ಕಿರಿಯ ಫೆಲೋಶಿಪ್ (ಜೆಆರ್‌ಎಫ್) ದರ 2023ರ ಜನವರಿಯಿಂದ 37,000 ರೂಪಾಯಿ, ಎರಡು ವರ್ಷ ಕಳೆದು ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್) ಆದರೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇಷ್ಟು ಮೊದಲೇ ಬರೆದಿಟ್ಟಿರುವಾಗ ಹೋಗಿ ಕೇಳಿದರೆ ಚೆನ್ನಾಗಿರಲ್ಲ ಅಲ್ವಾ? ಅರ್ಹತೆ, ಪ್ರವೇಶ ಪರೀಕ್ಷೆ, ಹಾಸ್ಟೆಲ್ ಇವಕ್ಕೂ ಗೆರೆ ಬಿತ್ತು.

ಉಳಿದ ಪ್ರಶ್ನೆಗಳನ್ನು ಎರಡು ಭಾಗ ಮಾಡಿದೆ. ನಾನು ಸಂಶೋಧನೆ ಮಾಡಬೇಕು ಅಂದುಕೊಂಡದ್ದು ನಮ್ಮ ಕಡೆಯ ಮಂಗನ ಕಾಯಿಲೆ ಬಗ್ಗೆ. ಅದರ ವೈರಸ್ಸನ್ನು ಜೀವಂತ ಬೆಳೆಸಲು ರೋಗಾಣು ಹೊರಗೆ ಹೋಗದಂತೆ ಕಟ್ಟಿದ ಬಿಎಸ್‌ಎಲ್-3 ಅಥವಾ ಅದಕ್ಕೂ ಮೇಲಿನ ಮಟ್ಟದ ಪ್ರಯೋಗಾಲಯ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ (ಎನ್‌ಐವಿ) ಬಿಎಸ್‌ಎಲ್-4 ಇದೆ, ಈ ಸಂಸ್ಥೆಯವರು ಅಲ್ಲಿನವರ ಜೊತೆ ಕೆಲಸ ಮಾಡುತ್ತಾರಾ? ಇದು ಗೈಡ್ ಆಗುವವರಿಗೆ ಕೇಳಬೇಕಾದದ್ದು. ಆಫೀಸಿನವರಿಗೆ ಕೇಳಿದರೆ ಪಾಪ, ಅವರು ಏನು ಹೇಳಿಯಾರು? ಅದನ್ನು ಬೇರೆ ಹಾಳೆಗೆ ಹಾಕಿದೆ.

ಆಫೀಸಿನವರ ಹಾಳೆಯಲ್ಲಿ ಮೇಲೆ ಇದ್ದದ್ದು ಗ್ರಾಮೀಣ ಸೇವೆ. ನಮ್ಮ ರಾಜ್ಯದ 2012ರ ಕಾಯ್ದೆಯಿಂದ ಬಂದ ಒಂದು ವರ್ಷದ ಕಡ್ಡಾಯ ಸೇವೆಗೆ ಕರೆದರೆ, ಸಿಕ್ಕ ಸೀಟನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುತ್ತೀರಾ? ಸೇರಿದ ಮೇಲೆ ವಾರಕ್ಕೊಮ್ಮೆಯಾದರೂ ಒಪಿಡಿಯಲ್ಲಿ ಕೂರಲು ಬಿಡುತ್ತೀರಾ? ಗೈಡ್ ಜೊತೆ ಹೊಂದಾಣಿಕೆ ಆಗದಿದ್ದರೆ ಬದಲಿಸಲು ದಾರಿ ಇದೆಯಾ? ಹಿಂದೆ ಸೇರಿದ ಡಾಕ್ಟರುಗಳು ಈಗ ಎಲ್ಲಿದ್ದಾರೆ, ಅವರಲ್ಲಿ ಒಬ್ಬರ ಜೊತೆ ಮಾತಾಡಿಸಬಹುದಾ?

ಇನ್ನೊಂದು ತಯಾರಿ, ನನಗೆ ಏನು ಬೇಕು ಎಂಬುದನ್ನು ಎರಡು ವಾಕ್ಯದಲ್ಲಿ ಹೇಳುವುದು. ಇದೇ ಕಷ್ಟವಾಯಿತು. ಮಂಗನ ಕಾಯಿಲೆಯನ್ನು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು 1957ರಲ್ಲಿ, ಹರಡುವುದು ಉಣುಗು ಕಚ್ಚಿ, ಸತ್ತವರು ನೂರಕ್ಕೆ 3ರಿಂದ 5 ಅಂತ ಶುರುಮಾಡಿದರೆ ನನ್ನ ಪ್ರಶ್ನೆಗೆ ಬರುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ. ರಜೆಗೆ ಮನೆಗೆ ಹೋದಾಗ ಆಯಿಯ ಮುಂದೆ ಹೇಳಿ ನೋಡಿದೆ. ಆಯಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವ ಮುಂಚೆ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವವಳು. ವೈರಸ್ಸಿನ ಜಾತಿ, ಪ್ಲೇಟ್‌ಲೆಟ್, ಆ್ಯಂಟಿಬಾಡಿ ಅಂತ ನಾನು ಹೇಳುತ್ತಾ ಹೋದೆ. ಆಯಿ ಕತ್ತಿಯಿಂದ ಕಣ್ಣೆತ್ತಲಿಲ್ಲ.

“ಅದೆಲ್ಲ ಇರ್ಲಿ ಕೂಸೆ. ಜ್ವರ ಬಿಟ್ಟವರಿಗೆ ತಿರುಗಿ ಎಂತಕ್ಕೆ ಬತ್ತು? ಅದ್ನ ಹೇಳು.”

ನನ್ನ ಪ್ರಶ್ನೆ ಅದೇ ಆಗಿತ್ತು, ಆರನೇ ವಾಕ್ಯದಲ್ಲಿ ಕೂತಿತ್ತು. ಅದನ್ನು ಮೊದಲಿಗೆ ತಂದೆ: “ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಮೂರನೇ ವಾರದಲ್ಲಿ ಜ್ವರ ಮತ್ತೆ ಬರುತ್ತದೆ, ಆಗ ಜೋರು ತಲೆನೋವು, ನಡುಕ, ಗೊಂದಲ ಕಾಣಿಸುತ್ತದೆ. ಹಾಗೆ ಆಗುವವರು ಯಾರು ಎಂದು ಮೊದಲ ವಾರದ ರಕ್ತದಲ್ಲೇ ಗುರುತಿಸಬಹುದಾ ಎಂದು ನನಗೆ ನೋಡಬೇಕು.” ಅಷ್ಟೇ. ಕೇಳುವವರು ವಿಜ್ಞಾನಿ ಆಗಿರಲೇಬೇಕು ಎಂದಿಲ್ಲ.

ರೆಸ್ಯೂಮೆ ಒಂದು ಪುಟ. ಅದರಲ್ಲಿ ಹೇಳಿಕೊಳ್ಳುವಂಥದ್ದು ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಮಾತ್ರ. ಎಂಬಿಬಿಎಸ್ ಓದುವಾಗಲೇ ಮಾಡುವ ಎರಡು ತಿಂಗಳ ಪ್ರಾಜೆಕ್ಟ್ ಅದು. ಜ್ವರ ಶುರುವಾದ ಎಷ್ಟನೇ ದಿನಕ್ಕೆ ಜನ ಆಸ್ಪತ್ರೆಗೆ ಬರುತ್ತಾರೆ ಎಂಬುದು ನನ್ನ ವಿಷಯ. ಇದರಲ್ಲಿ ನಾನೇ ಮಾಡಿದ್ದು ಯಾವುದು, ಬೇರೆಯವರು ಮಾಡಿದ್ದು ಯಾವುದು ಎಂದು ಬಿಡಿಸಿ ಬರೆದುಕೊಂಡೆ. ರೋಗಿಗಳನ್ನು ಮಾತಾಡಿಸಿ ಫಾರಂ ತುಂಬಿದ್ದು, ಎಥಿಕ್ಸ್ ಸಮಿತಿಯ ಹಿಂದೆ ಓಡಾಡಿದ್ದು, ಎಕ್ಸೆಲ್‌ನಲ್ಲಿ ಹಾಕಿದ್ದು ನಾನು. ಅಂಕಿಅಂಶದ ಲೆಕ್ಕ ಮಾಡಿಕೊಟ್ಟದ್ದು ಕಮ್ಯುನಿಟಿ ಮೆಡಿಸಿನ್ ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್. ‘ನಾವು ಮಾಡಿದೆವು’ ಅಂತ ತೇಲಿಸಿ ಹೇಳುವವರನ್ನು ಇಂಥ ಕಡೆ ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ ಎಂಬುದು ನನ್ನ ಅಂದಾಜು.

ಬಟ್ಟೆ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಒಪಿಡಿಗೆ ಹಾಕುವ ಕಾಟನ್ ಚೂಡಿದಾರ್ ಸಾಕಾಯಿತು. ಕಾರವಾರದಿಂದ ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಭೇಟಿ ಆದದ್ದು ಕ್ಯಾಂಟೀನಿನಲ್ಲಿ. ಮೇಡಂ ಜೊತೆ ಫೆಲೋಶಿಪ್ ಲೆಕ್ಕ ನೋಡುವ ಸರ್ ಒಬ್ಬರು ಬಂದಿದ್ದರು. ಊರು ಯಾವುದು ಎಂದು ಕೇಳಿದರು. ಸಿದ್ದಾಪುರ ಅಂದೆ. “ಮಂಗನ ಕಾಯಿಲೆ ಇರೋ ಕಡೆ ಅಲ್ವಾ?” ಅಂದರು ಸರ್. ಎರಡು ವಾಕ್ಯ ತಾನಾಗಿ ಬಂತು. ಮೇಡಂ ಕೇಳಿದ್ದರಲ್ಲಿ ಮುಖ್ಯವಾದದ್ದು ಎಂಡಿ ಯಾಕೆ ಬೇಡ ಎಂದು. ಈ ಪ್ರಶ್ನೆಯನ್ನು ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎದುರಿಸಿ ಅಭ್ಯಾಸ ಆಗಿತ್ತು. ಬೇಡ ಅಂತಲ್ಲ, ಈ ಪ್ರಶ್ನೆಯ ಹಿಂದೆ ಹೋಗಲು ಎಂಡಿಯ ಮೂರು ವರ್ಷದಲ್ಲಿ ಪುರಸೊತ್ತು ಸಿಗುವುದಿಲ್ಲ ಎಂದೆ.

ನನ್ನ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೇಳಿದೆ. ಮುಚ್ಚಿಟ್ಟುಕೊಳ್ಳುವ ಅಗತ್ಯ ಇಲ್ಲ, ಬರೆದುಕೊಂಡು ಬಂದವರನ್ನು ಕಂಡರೆ ಅವರಿಗೂ ಹಗುರ ಅನ್ನಿಸುತ್ತದೆ. ಗ್ರಾಮೀಣ ಸೇವೆಗೆ ಕರೆದರೆ ಸೀಟು ಮುಂದೂಡಬಹುದು, ಆದರೆ ಆಯ್ಕೆಯಾದ ಕೂಡಲೇ ಆದೇಶದ ಪ್ರತಿ ಜೊತೆಗೆ ಲಿಖಿತವಾಗಿ ಕೇಳಬೇಕು ಎಂದರು. ಒಪಿಡಿ ವಿಷಯ ಗೈಡ್‌ಗೆ ಬಿಟ್ಟದ್ದು. ಸೇರಿದ ಒಬ್ಬ ಡಾಕ್ಟರ್‌ಗೆ ಅಲ್ಲೇ ಫೋನ್ ಮಾಡಿ, ನನ್ನ ನಂಬರ್ ಕೊಡಲಾ ಎಂದು ಕೇಳಿದರು. ಗೈಡ್ ಬದಲಾವಣೆಯ ಪ್ರಶ್ನೆಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. “ದಾರಿ ಇದೆ. ಆದ್ರೆ ಸೇರೋ ಮುಂಚೆ ಆ ಲ್ಯಾಬಿನ ವಿದ್ಯಾರ್ಥಿಗಳ ಜೊತೆ ಟೀ ಕುಡೀರಿ” ಎಂದರು ಸರ್. ಬೇರೆಲ್ಲ ಮಾತಿಗಿಂತ ಇದು ಬೆಲೆಯುಳ್ಳದ್ದು ಅನ್ನಿಸಿತು.

ನಾನು ಕೇಳದೇ ಅವರಾಗಿ ಹೇಳಿದ್ದು ಶಿಫಾರಸು ಪತ್ರದ ಬಗ್ಗೆ. ಡಾಕ್ಟರುಗಳ ಅರ್ಜಿಗಳಿಗೆಲ್ಲ ವಿಭಾಗದ ಮುಖ್ಯಸ್ಥರ ಪತ್ರಗಳು ಬರುತ್ತವಂತೆ, ಎಲ್ಲದರಲ್ಲೂ ಅದೇ ನಾಲ್ಕು ಸಾಲು. ನನ್ನನ್ನು ಕೆಲಸದಲ್ಲಿ ನೋಡಿದವರು ಬರೆದರೆ ಸಾಕು, ಹುದ್ದೆ ದೊಡ್ಡದಿರಬೇಕೆಂದಿಲ್ಲ ಎಂದರು ಮೇಡಂ.

ಅದೇ ರಾತ್ರಿ ರೈಲಿನಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಬರೆದಿಟ್ಟೆ, ಧನ್ಯವಾದದ ಮೇಲ್ ಚಿಕ್ಕದಾಗಿ ಹಾಕಿದೆ. ಬೇರೆ ಹಾಳೆಯ ಪ್ರಶ್ನೆಗಳು ಒಬ್ಬ ವಿಜ್ಞಾನಿಗೆ ಹೋದವು. ಪತ್ರಕ್ಕೆ ಆ ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಇಂಟರ್ನ್‌ಶಿಪ್‌ನಲ್ಲಿ ನನ್ನನ್ನು ನೋಡಿದ ಪಿಎಚ್‌ಸಿ ಡಾಕ್ಟರನ್ನು ಕೇಳಿಕೊಂಡೆ. ಪತ್ರ ಸಂಸ್ಥೆಯ ಅಧಿಕೃತ ಇಮೇಲ್‌ನಿಂದಲೇ ಬರಬೇಕು ಎಂದು ನಿಯಮ. ಪಿಎಚ್‌ಸಿಯ ಇಮೇಲ್ ಪಾಸ್‌ವರ್ಡ್ ಇದ್ದದ್ದು ಡೇಟಾ ಎಂಟ್ರಿ ಹುಡುಗನ ಹತ್ತಿರ. ಅವನು ಅಕ್ಕನ ಮದುವೆ ಮುಗಿಸಿ ಬಂದ ಮೇಲೆ ಪತ್ರ ಹೋಯಿತು.