ಶ್ರೀಶೈಲದ ಪಾದಯಾತ್ರೆ: ಭೀಮನಕೊಳ್ಳ ಇಳಿದು ಹತ್ತುವ ಬಗೆ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮಂದಿಗೆ ಆಂಧ್ರದ ಆತ್ಮಕೂರಿನ ತನಕ ದಾರಿ ಬಹುಪಾಲು ಸಪಾಟು. ಬಿಸಿಲು, ಡಾಂಬರು, ದಾಸೋಹದ ಟೆಂಟು, ಮತ್ತೆ ಬಿಸಿಲು. ನಿಜವಾದ ಬೆಟ್ಟ ಶುರುವಾಗುವುದು ವೆಂಕಟಾಪುರ ಬಿಟ್ಟ ಮೇಲೆ, ನಲ್ಲಮಲ ಅಡವಿಯೊಳಗೆ: ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸ ದ್ವಾರ. ಕಾಲುಗಳು ಸವೆದಿರುವಾಗಲೇ ಈ ಕಡಿದಾದ ತುಂಡು ಎದುರಾಗುತ್ತದೆ.

ಎಲ್ಲರೂ ಹೆದರುವುದು ಏರಿಗೆ. ನನ್ನ ಅನುಭವದಲ್ಲಿ ಜನರನ್ನು ಕೂರಿಸುವುದು ಇಳಿಜಾರು. ಪೆಚ್ಚೆರುವು ದಾಟಿದ ಮೇಲೆ ದಾರಿ ಒಮ್ಮೆಲೇ ಭೀಮನಕೊಳ್ಳದ ಆಳಕ್ಕೆ ಇಳಿಯುತ್ತದೆ. ಕೊಳ್ಳದ ತಳದಿಂದಲೇ ಕೈಲಾಸ ದ್ವಾರದ ಮೆಟ್ಟಿಲು ಶುರು. ಇಳಿಯುವಾಗ ತೊಡೆಯ ಬಲ ಖರ್ಚು ಮಾಡಿಕೊಂಡವನಿಗೆ ಹತ್ತಲು ಏನೂ ಉಳಿದಿರುವುದಿಲ್ಲ. ಕೆಳಗೆ ನಿಂತು ಮೇಲೆ ನೋಡಿದಾಗ ಕಾಲು ತಾನಾಗಿ ನಡುಗುತ್ತಿದ್ದರೆ, ಹತ್ತುವ ಮೊದಲೇ ಅರ್ಧ ಸೋತಂತೆ. ಆದ್ದರಿಂದ ನಾನು ಮಾಡಿಕೊಳ್ಳುವ ತಯಾರಿಯೆಲ್ಲ ಇಳಿಜಾರಿನ ಲೆಕ್ಕದ್ದು.

ತಯಾರಿ ಊರಲ್ಲೇ ಆರಂಭವಾಗಬೇಕು. ಬಯಲುಸೀಮೆಯವರಿಗೆ ದಿನಕ್ಕೆ 10 ಕಿ.ಮೀ. ನಡೆಯುವುದು ದೊಡ್ಡದಲ್ಲ, ಆದರೆ ಇಳಿಯುವ ಅಭ್ಯಾಸ ಇರುವುದಿಲ್ಲ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯಬೇಕು. ರೂಢಿಯಿಲ್ಲದ ಸ್ನಾಯು ಆ ಕೆಲಸಕ್ಕೆ ಬಿದ್ದರೆ ಮಾರನೆಯ ದಿನ, ಅದರ ಮರುದಿನ ಬಿಗಿದು ನೋಯುತ್ತದೆ. ಹೊರಡುವ 6 ವಾರ ಮೊದಲಿನಿಂದ ವಾರಕ್ಕೆ 3 ದಿನ, ಗುಡ್ಡವೋ ಗುಡಿಯ ಮೆಟ್ಟಿಲೋ ಎತ್ತರದ ಕಟ್ಟಡವೋ ಸಿಕ್ಕಿದ್ದರಲ್ಲಿ ಹತ್ತಿ, ನಿಧಾನವಾಗಿ ಇಳಿಯಬೇಕು. ಮೊದಲ ವಾರ 100 ಮೆಟ್ಟಿಲು ಸಾಕು, ಕೊನೆಗೆ 500 ಆಗಲಿ. ಹತ್ತುವುದಕ್ಕಿಂತ ಇಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳಿ. ಹೊರಡುವ ಹಿಂದಿನ ವಾರ ಇದನ್ನೆಲ್ಲ ಬಿಟ್ಟು ಕಾಲಿಗೆ ವಿಶ್ರಾಂತಿ ಕೊಡಿ.

ಬೂಟು ಹಾಕುವವರು ಅರ್ಧ ನಂಬರು ದೊಡ್ಡದು ತೆಗೆದುಕೊಳ್ಳಬೇಕು. ದಿನಗಟ್ಟಲೆ ನಡೆದ ಪಾದ ಬಾತು ಅಗಲವಾಗುತ್ತದೆ, ಇಳಿಯುವಾಗ ಮುಂದಕ್ಕೆ ಜಾರಿ ಬೆರಳ ತುದಿ ಬೂಟಿನ ಮೂತಿಗೆ ಬಡಿಯುತ್ತದೆ. ಸಾವಿರ ಸಲ ಹಾಗೆ ಬಡಿದರೆ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಉಗುರನ್ನು ಬೆಟ್ಟಕ್ಕೆ 3–4 ದಿನ ಮೊದಲೇ ನೇರವಾಗಿ ಕತ್ತರಿಸಿ; ಮೂಲೆ ಕೆತ್ತಿದರೆ ಅದು ಮಾಂಸದೊಳಗೆ ಬೆಳೆಯುತ್ತದೆ. ಭೀಮನಕೊಳ್ಳಕ್ಕೆ ಇಳಿಯುವ ಮುಂಚೆ ಒಂದು ನಿಮಿಷ ಕೂತು ಲೇಸು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕಣಕಾಲಿನ ಹತ್ತಿರ ಬಿಗಿಯಾಗಿ, ಬೆರಳ ಕಡೆ ಸಡಿಲವಾಗಿ ಮತ್ತೆ ಕಟ್ಟಿ. ಹತ್ತಲು ಶುರು ಮಾಡುವಾಗ ಕಣಕಾಲಿನ ಬಿಗಿ ಕಡಿಮೆ ಮಾಡಿ.

ಬರಿಗಾಲಲ್ಲಿ ಹೋಗುವ ಹರಕೆ ಹೊತ್ತವರಿಗೆ ಬೇರೆ ಲೆಕ್ಕ. ಅವರ ಶತ್ರು ಕಲ್ಲಿನ ಕಾವು. ಮಧ್ಯಾಹ್ನ 12ರಿಂದ 4ರ ತನಕ ನೆರಳಿಲ್ಲದ ಕಲ್ಲು ಮೆಟ್ಟಿಲ ಮೇಲೆ ಕಾಲಿಡಬಾರದು. ಅಂಗಾಲು ಕಾದಾಗ ಓಡುವ ಆಸೆಯಾಗುತ್ತದೆ, ಓಡಿದಲ್ಲೇ ಕಾಲು ಉಳುಕುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ವ್ಯಾಸಲೀನ್ ಹಚ್ಚಿ ಬಟ್ಟೆ ಸುತ್ತಿ ಮಲಗಿದರೆ ಬಿರುಕು ಆಳಕ್ಕೆ ಇಳಿಯುವುದಿಲ್ಲ. ನೀರಿನಲ್ಲಿ ಬಹಳ ಹೊತ್ತು ಕಾಲು ನೆನೆಸುವುದು ಬೇಡ, ಮೆತ್ತಗಾದ ಚರ್ಮ ಬೇಗ ಸುಲಿಯುತ್ತದೆ.

ಇನ್ನು ಹೆಜ್ಜೆ. ಇಳಿಯುವಾಗ ಮೊಣಕಾಲು ಸ್ವಲ್ಪ ಮಡಿಚಿರಲಿ, ಹೆಜ್ಜೆ ಗಿಡ್ಡವಿರಲಿ. ಮೆಟ್ಟಿಲು ಎತ್ತರವಿದ್ದರೆ ಮೈಯನ್ನು ಅಡ್ಡ ತಿರುಗಿಸಿ ಒಂದೊಂದೇ ಮೆಟ್ಟಿಲು ಇಳಿಯಿರಿ, 20–30 ಮೆಟ್ಟಿಲಿಗೊಮ್ಮೆ ಬದಿ ಬದಲಿಸಿ. ಬಡಿಗೆಯನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಭಾರವನ್ನು ಅದಕ್ಕೆ ಕೊಟ್ಟು, ಆಮೇಲೆ ಕಾಲು. ಕಾಲು ಮೊದಲಾಗಿ ಬಡಿಗೆ ಹಿಂದೆ ಬಂದರೆ ಅದು ಬರೀ ಅಲಂಕಾರ. ಬಡಿಗೆ ಎದೆಮಟ್ಟ ಇರಲಿ: ಏರುವಾಗ ಒಂದು ಗೇಣು ಕೆಳಗೆ ಹಿಡಿಯಬಹುದು, ಇಳಿಯುವಾಗ ತುದಿ ಹಿಡಿಯಬಹುದು. ಸೊಂಟದೆತ್ತರದ ಬಡಿಗೆ ಇಳಿಜಾರಲ್ಲಿ ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ, ಮುಗ್ಗರಿಸುವುದೂ ಅಲ್ಲೇ. ಒಣ ಎಲೆ ಬಿದ್ದ ಮೆಟ್ಟಿಲನ್ನು ನಂಬಬೇಡಿ, ಎಲೆಯ ಕೆಳಗೆ ಉರುಟು ಕಲ್ಲಿರುತ್ತದೆ.

ಹತ್ತುವಾಗ ಪೂರ್ತಿ ಪಾದ ಮೆಟ್ಟಿಲ ಮೇಲಿರಬೇಕು. ತುದಿಬೆರಳಲ್ಲಿ ಹತ್ತಿದರೆ ಮೀನಖಂಡ ಅರ್ಧ ದಾರಿಯಲ್ಲೇ ಹಿಡಿದುಕೊಳ್ಳುತ್ತದೆ. ಮುಂದಿನ ಕಾಲು ಮೇಲಿಟ್ಟು, ಹಿಂದಿನ ಮೊಣಕಾಲನ್ನು ನೆಟ್ಟಗೆ ಮಾಡಿ, ಒಂದು ಉಸಿರಿನಷ್ಟು ಹೊತ್ತು ಭಾರವನ್ನೆಲ್ಲ ಹಿಂದಿನ ಕಾಲಿನ ಮೂಳೆಯ ಮೇಲೆ ಬಿಡಿ. ಅಷ್ಟರಲ್ಲಿ ಎರಡೂ ತೊಡೆಗಳಿಗೆ ಬಿಡುವು ಸಿಗುತ್ತದೆ. ನೋಡುವವರಿಗೆ ತೀರಾ ನಿಧಾನ ಅನಿಸಬಹುದು, ಆದರೆ ಹೀಗೆ ಹತ್ತುವವನು ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲಬೇಕಾಗಿಲ್ಲ. ವೇಗಕ್ಕೆ ನನ್ನ ಅಳತೆ ನಾಮಸ್ಮರಣೆ: ‘ಓಂ ನಮಃ ಶಿವಾಯ’ ಎಂದು ಬಾಯಿಬಿಟ್ಟು ಪೂರ್ತಿ ಹೇಳಲು ಆಗುತ್ತಿದ್ದರೆ ವೇಗ ಸರಿ, ನಡುವೆ ಉಸಿರು ಕಡಿದರೆ ಹೆಚ್ಚಾಯಿತು. ಇದು ಸಾವಿರ ಮೀಟರೂ ಇಲ್ಲದ ಬೆಟ್ಟ, ಗಾಳಿಯ ಕೊರತೆ ಇಲ್ಲ. ಏದುಸಿರು ಬಂದರೆ ಕಾರಣ ಅವಸರ ಅಥವಾ ಬಿಸಿಲು. ನಿಧಾನಿಸಿದ ಮೇಲೂ ಎದೆ ಬಿಗಿದರೆ, ನೋವು ಭುಜಕ್ಕೋ ದವಡೆಗೋ ಹರಿದರೆ ಅಲ್ಲೇ ಕೂತು ಜೊತೆಗಾರರಿಗೆ ಹೇಳಬೇಕು. ಮುಂದಿನ ಮೆಟ್ಟಿಲ ಮಾತೇ ಬೇಡ.

ಅರ್ಧ ಗಂಟೆಗೊಮ್ಮೆ ನಿಂತಲ್ಲೇ, ಬಡಿಗೆಗೆ ಒರಗಿ 2–3 ನಿಮಿಷ ನಿಲ್ಲುವುದು ಒಳ್ಳೆಯದು. ಒಂದು ಗಂಟೆ ಮಲಗಿ ಎದ್ದರೆ ಸ್ನಾಯು ಬಿಗಿದು ಮೊದಲ ಐವತ್ತು ಮೆಟ್ಟಿಲು ನರಕವಾಗುತ್ತವೆ. ಹರಕೆಯ ಕಂಬಿಯನ್ನು ಹೆಗಲ ಮೇಲೆ ಹೊತ್ತವರು ಭುಜ ಬದಲಿಸುವುದು ಸಪಾಟು ಜಾಗದಲ್ಲಿ ಮಾತ್ರ, ಮೆಟ್ಟಿಲ ಮೇಲೆ ಅಲ್ಲ. ಅವರ ಮುಂದೊಬ್ಬ, ಹಿಂದೊಬ್ಬ ಬರಿಗೈಲಿ ಇರಲಿ. ಬೆನ್ನಿನ ಚೀಲ 4–5 ಕೆ.ಜಿ. ಮೀರಬಾರದು. ಹೊದಿಕೆ, ಎರಡನೇ ಜೊತೆ ಬಟ್ಟೆ, ರೊಟ್ಟಿ ಗಂಟು ಇವನ್ನೆಲ್ಲ ರಸ್ತೆಯಲ್ಲಿ ಹೋಗುವ ಗಾಡಿಗೆ ಹಾಕಿ ಶ್ರೀಶೈಲಕ್ಕೇ ಕಳಿಸಿ.

ನೀರಿನ ವಿಷಯದಲ್ಲಿ ತಪ್ಪು ನಡೆಯುವುದು ಎರಡು ಕಡೆ. ದಾಸೋಹದಲ್ಲಿ ನೀರು ಸಿಗುತ್ತದೆ ಎಂದು ಖಾಲಿ ಬಾಟಲಿಯಲ್ಲಿ ಹೊರಡುವುದು ಒಂದು. ಒಬ್ಬರಿಗೆ ಕನಿಷ್ಠ 2 ಲೀಟರ್ ಕೈಯಲ್ಲಿರಬೇಕು. ಬರೀ ನೀರನ್ನೇ ಕುಡಿಯುತ್ತಾ ಹೋಗುವುದು ಇನ್ನೊಂದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಒಆರ್‌ಎಸ್ ದೊಡ್ಡ ಪೊಟ್ಟಣ 1 ಲೀಟರಿಗೆ, ಸಣ್ಣದು 200 ಮಿ.ಲೀ.ಗೆ, ಪೊಟ್ಟಣದ ಮೇಲೆ ಬರೆದಿರುತ್ತದೆ. ದೊಡ್ಡದನ್ನು ಅರ್ಧ ಬಾಟಲಿಗೆ ಸುರಿದರೆ ವಾಂತಿ, ಭೇದಿ ಆಗಬಹುದು. ಅದು ಇಲ್ಲದಿದ್ದರೆ 1 ಲೀಟರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಾಸೋಹದ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಯೂ ಒಳ್ಳೆಯವು. ಏರಿನ ಮುಂಚೆ ಹೊಟ್ಟೆ ತುಂಬ ಅನ್ನ ಸಾರು ಉಣ್ಣಬೇಡಿ. ಬೆಲ್ಲ, ಹುರಿದ ಶೇಂಗಾ, ಬಾಳೆಹಣ್ಣು ಸಾಕು. ಮೊಣಕಾಲು ನೋವಿಗೆ ಗುಳಿಗೆ ನುಂಗಿ ಹತ್ತುವ ರೂಢಿ ಬಹಳ ಇದೆ. ನೀರು ಕಡಿಮೆಯಾದ ಮೈಗೆ ಡೈಕ್ಲೋಫೆನಾಕ್‌ನಂಥ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಅದರ ಮೇಲೆ ನೋವು ಕಾಣದೆ ಗಾಯ ದೊಡ್ಡದಾಗುತ್ತದೆ. ಬಿಸಿಲಲ್ಲಿ ಯಾರಾದರೂ ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದನ್ನು ಭಕ್ತಿಯ ಪರವಶತೆ ಅಂದುಕೊಳ್ಳಬೇಡಿ. ತಕ್ಷಣ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಟವೆಲಿನಿಂದ ಗಾಳಿ ಬೀಸಿ, ವೈದ್ಯರ ಬಳಿ ಸಾಗಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಬೊಬ್ಬೆ ಎದ್ದರೆ ಚರ್ಮ ಕೀಳಬೇಡಿ. ಚಿಕ್ಕದಿದ್ದರೆ ಮೇಲೆ ಅಂಟುಪಟ್ಟಿ. ನೀರು ತುಂಬಿ ನಡೆಯಲು ಆಗದಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಒತ್ತಿ ತೆಗೆದು, ಮುಚ್ಚಿ ಕಟ್ಟಿ. ದಾರ ಪೋಣಿಸಿ ಬಿಡುವ ಪದ್ಧತಿ ಬೇಡ, ದಾರದ ಜಾಡಿನಲ್ಲೇ ಸೋಂಕು ಒಳಹೋಗುತ್ತದೆ. ಸಕ್ಕರೆ ಕಾಯಿಲೆಯವರು ಚುಚ್ಚಲೇಬಾರದು.

ಸಮಯ ಹೀಗೆ ಹೊಂದಿಸಿಕೊಳ್ಳುತ್ತೇನೆ: ಹಿಂದಿನ ರಾತ್ರಿ ಪೆಚ್ಚೆರುವಿನಲ್ಲಿ ತಂಗಿ, ಬೆಳಕು ಹರಿಯುತ್ತಲೇ ಹೊರಟು, ಬಿಸಿಲು ಏರುವ ಮೊದಲು ಕೊಳ್ಳ ಇಳಿದು ಕೈಲಾಸ ದ್ವಾರ ಸೇರುವುದು. ಇದು ಹುಲಿ ಸಂರಕ್ಷಿತ ಅಡವಿ. ಕತ್ತಲಲ್ಲಿ ಒಂಟಿಯಾಗಿ ನಡೆಯುವುದು, ಒಳದಾರಿ ಹಿಡಿಯುವುದು ಎರಡೂ ಸಲ್ಲ. ಪ್ಲಾಸ್ಟಿಕ್ ಬಾಟಲಿ, ಪೊಟ್ಟಣ ಚೀಲದಲ್ಲೇ ವಾಪಸ್ ಬರಲಿ. ಮಲ್ಲಯ್ಯನ ಅಡವಿಯಲ್ಲಿ ಕಸ ಬಿಟ್ಟು ಅವನ ದರ್ಶನಕ್ಕೆ ಹೋಗಲು ಮನಸ್ಸಾದರೂ ಹೇಗೆ ಬರಬೇಕು?

ಕೈಲಾಸ ದ್ವಾರದಿಂದ ಹಾಟಕೇಶ್ವರ, ಸಾಕ್ಷಿ ಗಣಪತಿ ದಾಟಿ ಗುಡಿಗೆ ಹೋಗುವ ದಾರಿಯಲ್ಲಿ ಕಷ್ಟವಿಲ್ಲ. ತಪ್ಪಾಗುವುದು ಊರು ಮುಟ್ಟಿದ ಸಂಜೆ. ಸ್ನಾನಕ್ಕೆಂದು ಎಲ್ಲರೂ ಪಾತಾಳಗಂಗೆಯ, ಅಂದರೆ ಕೆಳಗೆ ಹರಿಯುವ ಕೃಷ್ಣೆಯ, ಮೆಟ್ಟಿಲು ಇಳಿಯುತ್ತಾರೆ. ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಕಟ್ಟಿಸಿದ್ದು ಎನ್ನುವ ಆ ಮೆಟ್ಟಿಲೂ ಕಡಿದಾದದ್ದೇ, ತೊಡೆ ಬಿಗಿದಿರುವ ಹೊತ್ತಿನಲ್ಲಿ ಒದ್ದೆ ಕಲ್ಲಿನ ಮೇಲೆ ಜಾರುವುದು ಸುಲಭ. ಆ ದಿನ ನಲ್ಲಿ ನೀರಿನ ಸ್ನಾನ ಸಾಕು. ನದಿಗೆ ಮರುದಿನ ಬೆಳಿಗ್ಗೆ ಬಡಿಗೆ ಹಿಡಿದೇ ಇಳಿಯಿರಿ, ಇಲ್ಲವೇ ರೋಪ್‌ವೇಯಲ್ಲಿ ಹೋಗಿ ಬನ್ನಿ.